ಅಪ್ಪನ ಪಥ್ಯ, ನನ್ನ ತೂಕ

ನಾನು ಹುಟ್ಟಿದಾಗಿನಿಂದ ದಪ್ಪಗಿದ್ದವಳಲ್ಲ. ಹತ್ತು ವರ್ಷ ತುಂಬುವ ಹೊತ್ತಿಗೆ ಊದಿಕೊಳ್ಳತೊಡಗಿದೆ. ಅದೂ ನಮ್ಮ ಮನೆಯಲ್ಲಿ ಪಥ್ಯ ಹಿಡಿದ ವರ್ಷವೇ.

ಅಪ್ಪ ಮದ್ದೂರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಅವರ ಅಣ್ಣ, ಕೊಪ್ಪದಲ್ಲಿದ್ದ ನಮ್ಮ ದೊಡ್ಡಪ್ಪ, ದಢೂತಿ ಆಳು. ಸಿಹಿಮೂತ್ರದ ಕಾಯಿಲೆಯಲ್ಲಿ ಕಾಲು ಕೊಳೆತು, ನಲವತ್ತು ದಾಟುವ ಮೊದಲೇ ತೀರಿಕೊಂಡರು. ಅವರನ್ನು ಹೊರಲು ಎಂಟು ಜನ ಬೇಕಾಯಿತು. ಮಣ್ಣು ಮಾಡಿ ಬಂದ ಅಪ್ಪ ಇನ್ನೂ ಒದ್ದೆ ಪಂಚೆಯಲ್ಲೇ ನಿಂತು ಅವ್ವನಿಗೆ, "ನಾಳಿಂದ ಈ ಮನೇಲಿ ಬೆಲ್ಲ, ಎಣ್ಣೆ, ತುಪ್ಪ ಯಾವ್ದೂ ಬ್ಯಾಡ ಕಣೆ. ಉಪ್ಪೂ ಕಮ್ಮಿ ಮಾಡು" ಅಂದರು.

ಹಾಗೆಯೇ ಆಯಿತು. ಹೊತ್ತಿಗೊಂದು ಸಣ್ಣ ಮುದ್ದೆ, ಬೇಯಿಸಿದ ಸೊಪ್ಪು, ಮಜ್ಜಿಗೆ. ಸುತ್ತ ಎಲ್ಲಿ ನೋಡಿದರೂ ಕಬ್ಬಿನ ಗದ್ದೆ, ಆಲೆಮನೆಯ ಹೊಗೆ. ಗಾಳಿಗೇ ಬೆಲ್ಲದ ವಾಸನೆ. ನಾವು ಮಾತ್ರ ಸಪ್ಪೆ ಸೊಪ್ಪು ಅಗಿಯುತ್ತಾ ಕೂರಬೇಕು. ನನ್ನ ತಮ್ಮ ಮಾತಾಡದೆ ಉಂಡು ಎದ್ದುಬಿಡುತ್ತಿದ್ದ. ನನಗೆ ಆಗುತ್ತಿರಲಿಲ್ಲ. ಪಕ್ಕದ ಮನೆ ದರ್ಜಿ ಸಾಬರ ಹೆಂಡತಿ ಕರುಣೆಯಿಂದ ಕೊಟ್ಟ ಬೆಲ್ಲದಚ್ಚನ್ನು ಲಂಗದಲ್ಲಿ ಮುಚ್ಚಿಕೊಂಡು ಬಂದು, ನಡುಮನೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದಿನ ಕತ್ತಲೆಯಲ್ಲಿ ನಿಂತು ಗಬಗಬನೆ ತಿನ್ನುತ್ತಿದ್ದೆ. ರುಚಿ ನೋಡುವಷ್ಟು ಪುರುಸೊತ್ತು ಇರುತ್ತಿರಲಿಲ್ಲ.

ತಿಂಗಳಿಗೊಮ್ಮೆ ಅಪ್ಪ ನಮ್ಮಿಬ್ಬರನ್ನೂ ಬೆಲ್ಲದ ಮಂಡಿಗೆ ಕರೆದುಕೊಂಡು ಹೋಗಿ ತಕ್ಕಡಿಯಲ್ಲಿ ಕೂರಿಸುತ್ತಿದ್ದರು. ತಮ್ಮನದು ಏರುತ್ತಲೇ ಇರಲಿಲ್ಲ. ನಾನು ಕೂತರೆ ತೂಗುವವನು ಇನ್ನೊಂದು ಕಲ್ಲಿಗೆ ಕೈ ಚಾಚುತ್ತಿದ್ದ. ಒಂದು ಸಲ ಕೂಗಿಯೇ ಹೇಳಿದ:

"ನಾಕು ಮಣ ಆಗೋದ್ಲು ಮೇಷ್ಟ್ರೇ! ಮನೇಲಿ ಏನ್ ಇಕ್ತೀರಿ ಇವಳ್ಗೆ?"

ಸುತ್ತ ನಿಂತ ಹಮಾಲಿಗಳೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಮನೆಗೆ ಬಂದು ಅವ್ವನಿಗೆ, "ಇವಳ ಮುದ್ದೆ ಅರ್ಧ ಮಾಡು" ಅಂದರು. ನಾನು ವಾಡೆಯ ಹಿಂದೆ ನಿಲ್ಲುವುದು ಇನ್ನೂ ಹೆಚ್ಚಾಯಿತು.

ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷ ಸೋದರಮಾವ ನನ್ನನ್ನು ಬಟ್ಟೆ ಕೊಡಿಸಲು ಮಂಡ್ಯಕ್ಕೆ ಕರೆದೊಯ್ದ. ಅವನು ಕಾಫಿ ಕುಡಿಯಲು ಹೋಟೆಲಿಗೆ ನುಗ್ಗಿದಾಗ ನಾನು ಬಾಗಿಲಲ್ಲೇ ನಿಂತೆ. ಒಳಗೆ, ಮೂಲೆಯ ಮೇಜಿನಲ್ಲಿ, ಗೋಡೆಗೆ ಮುಖ ಮಾಡಿಕೊಂಡು ಅಪ್ಪ ಕೂತಿದ್ದರು. ಪ್ರತಿ ತಿಂಗಳೂ ಕಚೇರಿ ಕೆಲಸವೆಂದು ಅವರು ಮಂಡ್ಯಕ್ಕೆ ಬರುತ್ತಿದ್ದುದು ನನಗೆ ಗೊತ್ತಿತ್ತು. ಮುಂದೆ ಎಲೆಯ ಮೇಲೆ ಬೆಣ್ಣೆ ಹಾಕಿದ ದೋಸೆ, ಪಕ್ಕದಲ್ಲಿ ಎರಡು ತುಂಡು ಮೈಸೂರುಪಾಕು. ಬಗ್ಗಿ, ಬೇಗಬೇಗ, ನಾನು ತಿನ್ನುವ ಹಾಗೆಯೇ ತಿನ್ನುತ್ತಿದ್ದರು. ಕೈ ತೊಳೆಯಲು ಎದ್ದು ತಿರುಗಿದವರು ನನ್ನನ್ನು ಕಂಡರು. ಟವೆಲಿನಿಂದ ಬಾಯಿ ಒರೆಸಿಕೊಂಡು, ಹಿತ್ತಲ ಬಾಗಿಲಿಂದ ಹೊರಟುಹೋದರು. ಮಾವ ನೋಡಲಿಲ್ಲ. ನಾನೂ ಹೇಳಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಎಂದಿನಂತೆ ಸೊಪ್ಪು ತಿಂದರು. ಅವ್ವ ತನ್ನ ತಟ್ಟೆಗೆ ಚೂರು ಉಪ್ಪು ಹಾಕಿಕೊಳ್ಳಲೂ ಅವರ ಮುಖ ನೋಡುತ್ತಿದ್ದಳು.

ಆಮೇಲೆ ನಮ್ಮನ್ನು ಮಂಡಿಗೆ ಕರೆದೊಯ್ಯುವುದು ನಿಂತಿತು. ಮುಂದಿನ ತಿಂಗಳು ವಾಡೆಯ ಹಿಂದೆ ಕೈ ಹಾಕಿದರೆ ಎಲೆಯಲ್ಲಿ ಕಟ್ಟಿದ ಪೊಟ್ಟಣವೊಂದು ಸಿಕ್ಕಿತು. ಬಿಚ್ಚಿದರೆ ಮೈಸೂರುಪಾಕು. ನಾನು ಅಲ್ಲಿ ನಿಲ್ಲುವುದು ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತೋ ಏನೋ. ಆಮೇಲೆ ತಿಂಗಳಿಗೊಂದು ಪೊಟ್ಟಣ ಬರುತ್ತಲೇ ಇತ್ತು. ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ತಮ್ಮನಿಗೆ ಒಂದು ಚೂರೂ ಕೊಡಲಿಲ್ಲ. ಕೊಟ್ಟರೆ ಎಲ್ಲಿಂದ ಬಂತೆಂದು ಹೇಳಬೇಕಾಗುತ್ತಿತ್ತು. ಅವನ ಸಣಕಲು ಬೆನ್ನು ದಿನವೂ ಕಣ್ಣಿಗೆ ಬೀಳುತ್ತಿತ್ತು. ಆದರೂ ನುಂಗುತ್ತಿದ್ದೆ.

ಹದಿನೇಳಕ್ಕೆ ಮದುವೆಯಾಗಿ ಮಳವಳ್ಳಿಗೆ ಬಂದೆ. ಇಲ್ಲಿ ತಿನ್ನಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೂ ಎಲ್ಲರ ಜೊತೆ ಕೂತರೆ ಎರಡು ತುತ್ತು ಉಂಡು ಎದ್ದುಬಿಡುತ್ತಿದ್ದೆ. ಆಮೇಲೆ ಉಗ್ರಾಣ ಸೇರಿ, ತಣ್ಣಗಾದ ಮುದ್ದೆಗೆ ಬೆಲ್ಲ ಒತ್ತಿಕೊಂಡು ನಿಂತೇ ತಿನ್ನುತ್ತಿದ್ದೆ. ಒಂದು ದಿನ ಅತ್ತೆ ಬಾಗಿಲು ತಳ್ಳಿ ಒಳಗೆ ಬಂದಳು.

"ಯಾರ್ ಬ್ಯಾಡ ಅಂದ್ರವ್ವಾ ನಿಂಗೆ? ಕೂತ್ಕಂಡು ಉಣ್ಬಾರ್ದಾ?"

ಬೈದಿದ್ದರೆ ಸಲೀಸಾಗಿರುತ್ತಿತ್ತು. ಬೆಲ್ಲ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅಭ್ಯಾಸ ಬಿಡಲಿಲ್ಲ. ಮಗಳು ಹುಟ್ಟಿದ ಮೇಲೆ ಮೈ ಇನ್ನೂ ಭಾರವಾಗಿ, ನೀರು ಸೇದುವಾಗ ಏದುಸಿರು ಬರತೊಡಗಿತು.

ಸ್ವಾತಂತ್ರ್ಯ ಬಂದ ವರ್ಷ, ಮಳೆ ನಿಂತ ಮೇಲೆ, ಅಪ್ಪ ನನ್ನನ್ನು ನೋಡಲು ಬಸ್ಸಿನಲ್ಲಿ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಪಾದಕ್ಕೆ ಬಟ್ಟೆ ಸುತ್ತಿತ್ತು. ದೊಡ್ಡಪ್ಪನ ಕಾಯಿಲೆಯೇ ಅವರಿಗೂ ಬಂದಿತ್ತು. ಜಗಲಿಯಲ್ಲಿ ಕೂತು ನನ್ನನ್ನೇ ನೋಡುತ್ತಾ, "ದಪ್ಪ ಆಗಿದೀಯ" ಅಂದರು.

"ಹೂಂ."

"ಈಗ್ಲೂ ಕದ್ದು ತಿಂತೀಯೇನವ್ವ?"

ಸುಳ್ಳು ಹೇಳಿ ಹೇಳಿ ದಣಿದಿದ್ದೆ. "ಹೂಂ ಕಣಪ್ಪ" ಅಂದೆ.

ಅವರು ಬಟ್ಟೆ ಸುತ್ತಿದ ಕಾಲನ್ನು ಮೆಲ್ಲಗೆ ಎತ್ತಿ ಇನ್ನೊಂದು ಕಡೆ ಇಟ್ಟುಕೊಂಡರು. "ನಿಮ್ ದೊಡ್ಡಪ್ಪನ್ ತರ ಸಾಯ್ತೀವಿ ಅಂತ ಹೆದ್ರಿಕಂಡೆ. ಹೆದ್ರಿಕೆ ಒಂದ್ ಕಡೆ, ಆಸೆ ಒಂದ್ ಕಡೆ. ಎರಡೂ ನಿಂಗೇ ಕೊಟ್ಬುಟ್ಟೆ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದ್ದು ಒಳಗೆ ಹೋಗಿ ಎಲ್ಲರಿಗೂ ತಟ್ಟೆ ಹಾಕಿದೆ. ಅತ್ತೆ ಅವರೆಕಾಳು ಸಾರು ಬಡಿಸಿದಳು. ಅಪ್ಪ ಎಲ್ಲರ ಮುಂದೆಯೇ, "ಒಂದ್ ಚೂರು ಬೆಲ್ಲ ಇದ್ರೆ ಕೊಡವ್ವ" ಅಂದರು.

"ಕೊಡಾಕಿಲ್ಲ ಕಣಪ್ಪ" ಅಂದೆ, ಎಲ್ಲರಿಗೂ ಕೇಳುವಂತೆ.

ಅವರು ತಲೆಯಾಡಿಸಿ ಸಾರು ಕಲಸಿಕೊಂಡರು. ಎರಡು ವರ್ಷದ ನನ್ನ ಮಗಳು ಅವರ ತಟ್ಟೆಗೇ ಕೈ ಹಾಕಿ ಕಾಳು ಹೆಕ್ಕುತ್ತಿದ್ದಳು. ನಾನು ನನ್ನ ತಟ್ಟೆ ತಂದು ಅವರೆದುರು ಕೂತೆ. ಮೂರನೆಯ ತುತ್ತಿಗೆ ಏಳಬೇಕೆನಿಸಿತು. ಕಾಲು ಮಡಚಿಕೊಂಡು ಉಣ್ಣುತ್ತಾ ಕೂತೇ ಇದ್ದೆ.