ಮಾಳಿಗೆಯ ಮೇಲಿನ ದೊಡ್ಡವ್ವ

ಎಡಗೈಯಲ್ಲಿ ಬೇವಿನ ಕೊಂಬೆಯೊಂದನ್ನು ಬಾಗಿಲ ಪರದೆಯಂತೆ ಪಕ್ಕಕ್ಕೆ ಸರಿಸಿ ಹಿಡಿದು, ಬಲಗೈಯ ಫೋನನ್ನು ಕಿವಿಗೊತ್ತಿಕೊಂಡು ಮಾಳಿಗೆಯ ಮೂಲೆಯಲ್ಲಿ ನಿಂತಿರುತ್ತಿದ್ದರು ನಮ್ಮ ಪಕ್ಕದ ಮನೆಯ ದೊಡ್ಡವ್ವ. ತಂಬ್ರಹಳ್ಳಿಯ ನಮ್ಮ ಓಣಿಗೂ ಊರಾಚೆಯ ಟವರಿಗೂ ನಡುವೆ ಆ ಮರ ಅಡ್ಡ. ಶಿವರಾತ್ರಿ ಹೊತ್ತಿಗೆ ಎಲೆ ಉದುರಿದರೆ ಉಚ್ಚಂಗಿದುರ್ಗದಲ್ಲಿದ್ದ ಅವರ ತಂಗಿಯ ದನಿ ಪಕ್ಕದಲ್ಲೇ ಕುಳಿತಂತೆ ಕೇಳುತ್ತಿತ್ತು. ಚಿಗುರು ಬಲಿತು ಆಷಾಢದ ಗಾಳಿ ಎದ್ದರೆ ಮಾತೆಲ್ಲ ತುಂಡು ತುಂಡು.

ಕೊಂಬೆ ಕಡಿದುಬಿಡೋಣವೆಂದು ನಮ್ಮ ಯಜಮಾನರು ಒಮ್ಮೆ ಕೊಡಲಿ ತಂದಿದ್ದರು.

"ಬ್ಯಾಡಪ್ಪ. ಬ್ಯಾಸಿಗ್ಯಾಗ ನನ್ನ ಎಮ್ಮಿ ನಿಮ್ಮನಿಗೆ ಬಂದು ಫ್ಯಾನ್ ಹಾಕು ಅಂದ್ರ ಹಾಕ್ತೀಯೇನು?" ಎಂದು ದೊಡ್ಡವ್ವ ನಕ್ಕು ಕಳಿಸಿದರು. ಮರದ ನೆರಳಲ್ಲೇ ಕಟ್ಟಿರುತ್ತಿದ್ದ ಆ ಎಮ್ಮೆ ಅವರ ಕೈಗಲ್ಲದೆ ಯಾರಿಗೂ ಹಾಲು ಕೊಡುತ್ತಿರಲಿಲ್ಲ. ಹಾಗಾಗಿ ತಂಗಿಯ ಊರಿಗೆ ಹೋದರೂ ಸಂಜೆಗೆ ವಾಪಸು.

ಕಳೆದ ವರ್ಷ ತಂಗಿಗೆ ಗಂಟಲಿನ ಆಪರೇಶನ್ ಆಗಿ ದನಿ ಹೋಯಿತು. ಇನ್ನು ಫೋನೇಕೆ ಎಂದುಕೊಂಡೆವು. ದೊಡ್ಡವ್ವ ಮಾತ್ರ ದಿನಾ ಸಂಜೆ ಹಾಲು ಕರೆದು ಏಣಿ ಹತ್ತುವುದನ್ನು ಬಿಡಲಿಲ್ಲ. ಇವರು ಕೇಳುವುದು, ಅವರು ಉಗುರಿನಿಂದ ಫೋನು ಬಡಿಯುವುದು. ಹೌದಾದರೆ ಒಂದು, ಇಲ್ಲವಾದರೆ ಎರಡು.

"ಉಂಡ್ಯೇನ? ಒಂದೋ ಎರಡೋ ತಿಳೀಲಿಲ್ಲ, ಗಾಳಿ ಬಿಟ್ಟೈತಿ. ಇನ್ನೊಮ್ಮೆ ಬಡಿ. ಇಲ್ಲಾ? ಯಾಕ, ಸೊಸಿ ಮ್ಯಾಲೆ ಸಿಟ್ಟಾ?"

ದನಿಯಿಲ್ಲದವರ ಜೊತೆ ಜಗಳವನ್ನೂ ಆಡುತ್ತಿದ್ದರು, ಸೋತು ನಗುತ್ತಿದ್ದರು. ನನಗೊಮ್ಮೆ ಹೇಳಿದ್ದರು: "ಮಾತು ಹೋದ್ರ ಹೋತವ್ವ, ಅಕಿ ಅದಾಳ ಅಂತ ಗೊತ್ತಾದ್ರ ಸಾಕು ನನಗ."

ಈ ಆಷಾಢದ ಒಂದು ಮಧ್ಯಾಹ್ನ, ಎಮ್ಮೆಗೆ ಮೇವು ಹಾಕುತ್ತಿದ್ದವರು ಹಾಗೇ ಕುಸಿದು ಕುಳಿತರು. ನಾವು ಓಡಿ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಗಾಳಿಗೆ ಯಾರ ಫೋನೂ ಹತ್ತಲಿಲ್ಲ. ತಂಗಿಯನ್ನು ಕರೆತರಲು ಯಜಮಾನರು ಬಸ್ಸು ಹತ್ತಿದರು.

ಸಂಜೆ, ನಮ್ಮ ಫೋನು ಒಯ್ದಿದ್ದ ಯಜಮಾನರು ಎಲ್ಲಿಗೆ ಮುಟ್ಟಿದರೆಂದು ಕೇಳಲು ದೊಡ್ಡವ್ವನ ಫೋನು ಹಿಡಿದು ಮಾಳಿಗೆ ಹತ್ತಿದೆ. ಅಷ್ಟರಲ್ಲಿ ಅದೇ ರಿಂಗಾಯಿತು. ಹೊತ್ತು ಮೀರಿತೆಂದು ತಂಗಿಯೇ ಮಾಡಿದ್ದರು. ಎತ್ತಿದರೆ ಉಗುರಿನ ಬಡಿತ. ಬರಬರುತ್ತ ಅದು ಅವಸರವಾಯಿತು.

"ಚಿಗವ್ವಾ, ನಾನ್ರಿ, ಪಕ್ಕದ ಮನ್ಯಾಕಿ. ನಿಮ್ಮಕ್ಕ ಹೋಗಿಬಿಟ್ರು."

ಎಲೆಗಳ ಸದ್ದಷ್ಟೇ.

"ಕೇಳಿಸ್ತೇನ್ರಿ?"

ಎರಡು ಬಡಿತ.

ಮೆಲ್ಲಗೆ, ಬಿಡಿಸಿ ಮತ್ತೊಮ್ಮೆ ಹೇಳಿದೆ. ಮತ್ತೆ ಎರಡು. ಮೂರನೆಯ ಸಲ ಹೇಳಲು ನನ್ನಿಂದಾಗಲಿಲ್ಲ. ಅವರು ಬಡಿಯುತ್ತಲೇ ಇದ್ದರು, ಎರಡೆರಡು. ನಾನು ಫೋನು ಇಡಲಿಲ್ಲ.