ಕೊಳೆಯಾಗದ ಭುಜಗಳು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಾಲೇಜಿನ ವ್ಯಾಯಾಮಶಾಲೆಯ ನೆಲಮಾಳಿಗೆಯಲ್ಲಿ ಆರ್ಡಿತ್ ಪೆನ್ನರ್ ಒಂದು ಬಿಳಿ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ದೀಪಕ್ಕೆ ಹಿಡಿದಿದ್ದಾರೆ. ಮೊದಲು ಬಲಭುಜ ನೋಡುತ್ತಾರೆ, ಆಮೇಲೆ ಎಡಭುಜ, ಆಮೇಲೆ ಹೊಟ್ಟೆ. ಹೊಟ್ಟೆಯ ಮೇಲೆ ಅಂಗೈಯಗಲ ಹುಲ್ಲಿನ ಹಸಿರು ಹತ್ತಿದೆ. ಭುಜ ಮಾತ್ರ ಮದುವೆಗೆ ಹೋಗಿಬಂದವನ ಅಂಗಿಯಂತೆ ಬೆಳ್ಳಗಿದೆ.

"ಇವನೂ ಇಲ್ಲ," ಎಂದು ಅಂಗಿಯನ್ನು ಯಂತ್ರದೊಳಕ್ಕೆ ಎಸೆಯುತ್ತಾರೆ. "ಮೂವತ್ತೆಂಟು ಅಂಗಿ ನೋಡ್ದೆ. ಭುಜ ಕೊಳೆ ಮಾಡ್ಕೊಂಡೋರು ನಾಲ್ಕೇ ಜನ. ಶನಿವಾರ ಮತ್ತೆ ಸೋಲ್ತೀವಿ. ಬರ್ಕೊಳ್ಳಿ ಬೇಕಾದ್ರೆ."

ಊರಿನ ಪತ್ರಿಕೆಗೆ ಬರೆಯುವವನು ನಾನು, ಬರೆದುಕೊಳ್ಳುತ್ತೇನೆ. ಈ ಋತುವಿನಲ್ಲಿ ನಮ್ಮ ಆಲ್ಟೆನ್‌ಫೆಲ್ಡ್ ಕಾಲೇಜಿನ ಫುಟ್‌ಬಾಲ್ ತಂಡ ಸಾಲಾಗಿ ನಾಲ್ಕು ಪಂದ್ಯ ಸೋತಿದೆ. ಇದು ಅಮೆರಿಕದ ಫುಟ್‌ಬಾಲು: ಚೆಂಡು ಅಪ್ಪಿಕೊಂಡು ಓಡುವವನನ್ನು ಮೈಮೇಲೆ ಬಿದ್ದು ನೆಲಕ್ಕೆ ಕೆಡವುವ ಆಟ. ಊರಿಗೆ ಊರೇ ಕಾಫಿ ಅಂಗಡಿಯಲ್ಲಿ ಕೂತು ಕಾರಣ ಹುಡುಕುತ್ತಿದೆ. ಕೋಚ್ ಸರಿಯಿಲ್ಲ, ಚೆಂಡು ಎಸೆಯುವವನು ಸರಿಯಿಲ್ಲ, ಕಾನ್ಸಾಸ್‌ನ ಗಾಳಿಯೇ ಸರಿಯಿಲ್ಲ. ನಾನೂ ಇಪ್ಪತ್ತು ವರ್ಷದಿಂದ ಮೈದಾನದ ಅದೇ ಬೆಂಚಿನಲ್ಲಿ ಕೂತು "ಕೆಳಗೆ ಹಿಡಿಯೋ, ತೊಡೆ ಹಿಡಿಯೋ!" ಎಂದು ಗಂಟಲು ಹರಿದುಕೊಂಡವನೇ. ಬಟ್ಟೆ ತೊಳೆಯುವವರನ್ನು ಒಂದು ಮಾತು ಕೇಳೋಣ ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಸುಳ್ಳೇಕೆ ಹೇಳಲಿ, ಈ ಬಾಗಿಲ ಹಿಂದೆ ಒಬ್ಬರು ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಆರ್ಡಿತ್‌ಗೆ ಈಗ ಅರವತ್ತೆಂಟು. ಈ ಕೋಣೆಗೆ ಬಂದು ಮೂವತ್ತೊಂದು ವರ್ಷ. ಆಟಗಾರರು ತೊಂಬತ್ತೆರಡು ಜನ. ಪ್ರತಿಯೊಬ್ಬನ ಕಾಲುಚೀಲ, ಚಡ್ಡಿ, ಬನಿಯನ್‌ಗಳು ಅವನವನ ನಂಬರಿನ ಕೊಂಡಿಗೆ ಪೋಣಿಸಿಕೊಂಡು ಬರುತ್ತವೆ. ದಿನಕ್ಕೆ ಹದಿನಾಲ್ಕು ಸಲ ಯಂತ್ರ ತುಂಬಬೇಕು, ಹದಿನಾಲ್ಕು ಸಲ ಬರಿದು ಮಾಡಬೇಕು. ಮೊದಲ ಸಲದ್ದು ನಾಲ್ಕೂವರೆಗೆ. ಬ್ಲೀಚು ತಾಗಿ ತಾಗಿ ಬೆರಳ ತುದಿಗಳು ಬಿರುಕು ಬಿಟ್ಟಿವೆ. ಒಣಗಿಸುವ ಯಂತ್ರದ ಗದ್ದಲಕ್ಕೆ ಎಡಗಿವಿ ಹೋಗಿದೆ, ಹಾಗಾಗಿ ನನ್ನನ್ನು ಬಲಕ್ಕೆ ಕೂರಿಸಿಕೊಂಡಿದ್ದಾರೆ. ಮದುವೆಯಾಗಲಿಲ್ಲ. ಹಾಲಿನ ಡೇರಿ ನಡೆಸುತ್ತಿದ್ದ ತಾಯಿ ತೀರಿಕೊಂಡ ಮೇಲೆ ಹಸುಗಳನ್ನು ಮಾರಿ ಇಲ್ಲಿಗೆ ಬಂದರು. ತಿಂಡಿಗೆ ಮನೆಯಲ್ಲಿ ಬೇಯಿಸಿದ ಎರಡು ಬನ್ನು, ಪ್ಲಮ್ ಹಣ್ಣಿನ ಜಾಮು. ನನಗೂ ಒಂದು ಬಂತು.

"ಹಸುಗಳಾದ್ರೂ ಮುಖ ನೋಡ್ತಿದ್ವು," ಎನ್ನುತ್ತಾರೆ. "ಇಲ್ಲಿ ಬಟ್ಟೆ ಬರತ್ತೆ, ಬಟ್ಟೆ ಹೋಗತ್ತೆ. ಕೆಲವು ಸಲ ಸೋಮವಾರದಿಂದ ಶುಕ್ರವಾರದ ತನಕ ಒಬ್ರ ಹತ್ರನೂ ಮಾತಾಡಿರಲ್ಲ ನಾನು. ಭಾನುವಾರ ಚರ್ಚಲ್ಲಿ ಹಾಡೋಕೆ ಬಾಯಿ ಬಿಟ್ರೆ ಸ್ವರನೇ ಹೊರಡಲ್ಲ."

ಹೀಗೆ ಹೇಳಿ ನಗುತ್ತಾರೆ. ನನಗೆ ನಗು ಬರಲಿಲ್ಲ.

ಮೊದಲು ಹೀಗಿರಲಿಲ್ಲವಂತೆ. ವೆಂಡೆಲ್ ಥೀಸನ್ ಕೋಚ್ ಆಗಿದ್ದ ಕಾಲದಲ್ಲಿ ಮಂಗಳವಾರವೆಂದರೆ ಕೆಡವುವ ಅಭ್ಯಾಸ, ಪೂರ್ತಿ ಒಂದು ಗಂಟೆ. ಕ್ಯಾನ್ವಾಸಿನ ದಪ್ಪ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ತೊಡೆಯ ಎತ್ತರಕ್ಕೆ ಸರಿಯಾಗಿ ಬಡಗಿಗಳು ಗೆರೆ ಹೊಡೆಯುವ ನೀಲಿ ಪುಡಿಯನ್ನು ಥೀಸನ್ ತಾವೇ ಬಳಿಯುತ್ತಿದ್ದರು. ಬುಧವಾರ ಬೆಳಿಗ್ಗೆ ಆರಕ್ಕೆ ಈ ಕೋಣೆಗೆ ಇಳಿದು ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು, ಒಂದೇ ಪ್ರಶ್ನೆ: "ಏನಮ್ಮ ಆರ್ಡಿತ್, ಯಾರ ಭುಜ ಚೊಕ್ಕ ಇದೆ?"

ಆರ್ಡಿತ್ ನಂಬರುಗಳನ್ನು ಓದುತ್ತಿದ್ದರು. ಆ ನಂಬರಿನವರೆಲ್ಲ ಅಂದು ಸಂಜೆ ಅರ್ಧ ಗಂಟೆ ಹೆಚ್ಚಿಗೆ ಬೊಂಬೆ ಕೆಡವಬೇಕು. ಹುಡುಗರು ಆರ್ಡಿತ್‌ಗೆ ಹಿಡಿಶಾಪ ಹಾಕುತ್ತಿದ್ದರು. ಒಬ್ಬ ಮಹಾನುಭಾವ ಬಟ್ಟೆ ಬದಲಿಸುವ ಕೋಣೆಯಲ್ಲೇ ಭುಜಕ್ಕೆ ನೀಲಿ ಬಳಿದುಕೊಂಡು ಕಳಿಸಿದ್ದನಂತೆ.

"ಐದು ಬೆರಳಿನ ಗುರುತು ಹಾಗ್ಹಾಗೇ ಮೂಡಿತ್ತು!" ಆರ್ಡಿತ್ ತೊಡೆ ತಟ್ಟಿ ನಗುತ್ತಾರೆ. "ಬೊಂಬೆಗೆಲ್ಲಿ ಬೆರಳಿತ್ತಪ್ಪ ಅಂತ ಕೇಳಿ ಕಳಿಸ್ದೆ."

ಅಂಗಿ ಓದುವುದು ಹೇಗೆಂದು ನನಗೂ ಕಲಿಸುತ್ತಾರೆ. "ಓಡಿ ಬರೋನನ್ನ ಕೆಡವೋಕೆ ತಲೆ ಎತ್ತಿರ್ಬೇಕು, ಭುಜ ಕೊಡ್ಬೇಕು, ಎರಡೂ ಕೈಯಲ್ಲಿ ತೊಡೆ ತಬ್ಬಬೇಕು, ಕಾಲು ನಿಲ್ಲಿಸ್ಬಾರದು. ಅಷ್ಟೇನೆ. ಹಾಗೆ ಮಾಡ್ದೋನ ಭುಜದ ಮುಂದೆ ಕೊಳೆ ಇರತ್ತೆ. ಬರೀ ಕೈ ಚಾಚಿ ಬಿದ್ದೋನ ಹೊಟ್ಟೆ ಹಸಿರಾಗಿರತ್ತೆ. ತಲೆ ತಗ್ಗಿಸಿ ನುಗ್ಗಿದೋನಿಗೆ ಇಲ್ಲಿ," ಎಂದು ತಮ್ಮ ಕತ್ತಿನ ಹಿಂಭಾಗ ಮುಟ್ಟಿ ತೋರಿಸುತ್ತಾರೆ. "ಕಾಲರ್ ಹಿಂದೆ. ಅದು ಮಾತ್ರ ಕಾಣಬಾರದು."

ಥೀಸನ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಆಮೇಲೆ ಮೂವರು ಕೋಚ್‌ಗಳು ಬಂದರು. ಬೊಂಬೆಗಳು ಶೆಡ್ಡು ಸೇರಿದವು. ಈಗ ವಾರಕ್ಕೆ ಒಂದು ದಿನ, ಏಳೇ ಏಳು ನಿಮಿಷ, ಉರುಳಿಸಿ ಬಿಡುವ ಕಪ್ಪು ರಬ್ಬರಿನ ಗಾಲಿಯೊಂದನ್ನು ಹುಡುಗರು ಕೆಡವುತ್ತಾರೆ. ಕೋಚ್‌ಗಳ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ: ಆಗಸ್ಟ್‌ನಲ್ಲೇ ಹನ್ನೊಂದು ಜನಕ್ಕೆ ಪೆಟ್ಟಾಗಿತ್ತು, ಅಭ್ಯಾಸದಲ್ಲೇ ಎಲ್ಲರನ್ನೂ ಮುರಿದುಕೊಂಡರೆ ಶನಿವಾರ ಆಡುವವರು ಯಾರು? ಆದರೆ ಕಳೆದ ಶನಿವಾರ ನಮ್ಮ ಹುಡುಗರ ಕೈಗೆ ಸಿಕ್ಕೂ ಎದುರಾಳಿಗಳು ಜಾರಿಕೊಂಡದ್ದು ಇಪ್ಪತ್ತೊಂದು ಬಾರಿ. ಕಾಲೇಜಿನ ರೇಡಿಯೋದವನು ಎಣಿಸಿದ್ದಾನೆ. ಬೆಂಚಿನ ಮೇಲೆ ನಾವು ಎಣಿಸುವುದನ್ನೇ ಬಿಟ್ಟಿದ್ದೆವು.

ಆ ಗಾಲಿಯ ಕಪ್ಪು ಅಂಗಿಗೆ ಅಂಟುತ್ತದೆ. ಕೇಳುವವರಿಲ್ಲದಿದ್ದರೂ ಆರ್ಡಿತ್ ಈಗಲೂ ಬುಧವಾರ ಬುಧವಾರ ಓದುತ್ತಾರೆ. ನಲವತ್ತನೆಯ ಅಂಗಿ ಎತ್ತಿಕೊಂಡವರು ಮಾತು ನಿಲ್ಲಿಸುತ್ತಾರೆ. ನಂಬರ್ ನಲವತ್ತೊಂದು. ಕಾಲರ್ ಹಿಂದೆ ಕಪ್ಪು ಗೆರೆ.

"ಮೂರನೇ ವಾರ ಇದು," ಎನ್ನುತ್ತಾರೆ. ದನಿ ಇಳಿದಿದೆ. "ಮೇಲಿರೋ ಕೋಚ್‌ಗೆ ಎರಡು ಸಲ ಹೇಳ್ದೆ. ಒಳ್ಳೆ ಮನುಷ್ಯ, ಬಯ್ಯಲಿಲ್ಲ. 'ನಮ್ಮತ್ರ ಆರು ಕ್ಯಾಮೆರಾ ಇದೆ ಅಮ್ಮ, ನೀವು ತಲೆ ಕೆಡಿಸ್ಕೋಬೇಡಿ' ಅಂದ. ಹೋಗ್ತಾ ಟವೆಲ್ ಕೇಳ್ದ."

ಆಮೇಲೆ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ.

"ಇಪ್ಪತ್ತೆರಡು ವರ್ಷದ ಹಿಂದೆ ಐವತ್ತೆಂಟನೇ ನಂಬರಿನ ಅಂಗೀಲಿ ಹೀಗೇ ಇತ್ತು, ಕಾಲರ್ ಹಿಂದೆ ನೀಲಿ. ಆ ಬುಧವಾರ ಕೋಚ್ ವೆಂಡೆಲ್ ಬರಲಿಲ್ಲ. ಅವರಮ್ಮ ತೀರ್ಕೊಂಡ್ರು ಅಂತ ನೆಬ್ರಾಸ್ಕಾಗೆ ಹೋಗಿದ್ರು. ಬೇರೆ ಯಾರಿಗಾದ್ರೂ ಹೇಳ್ಬಹುದಿತ್ತು. ಬಟ್ಟೆ ತೊಳಿಯೋಳು ನಾನ್ಯಾಕೆ ಹೇಳ್ಲಿ, ಮುಂದಿನ ವಾರ ನೋಡೋಣ ಅಂತ ಸುಮ್ನಾದೆ. ಶನಿವಾರದ ಪಂದ್ಯದಲ್ಲಿ ಆ ಹುಡುಗ, ಲೈಲ್ ಶ್ರಾಗ್, ಬಿದ್ದೋನು ಏಳಲಿಲ್ಲ."

ಲೈಲ್ ಶ್ರಾಗ್ ಯಾರೆಂದು ಊರಿಗೆಲ್ಲ ಗೊತ್ತು. ಗೋದಿ ಉಗ್ರಾಣದ ಕಿಟಕಿಯಲ್ಲಿ ಕೂತು ಲಾರಿ ತೂಗುವವನು. ನಡೆಯುತ್ತಾನೆ, ನಗುತ್ತಾನೆ, ಬಲಗೈ ಮಾತ್ರ ಎದೆಯಿಂದ ಮೇಲಕ್ಕೆ ಏಳುವುದಿಲ್ಲ. ಎಡಗೈ ಎತ್ತಿ ಎಲ್ಲರಿಗೂ ನಮಸ್ಕಾರ ಹೇಳುತ್ತಾನೆ. ಆ ಶನಿವಾರದಿಂದ ಆರ್ಡಿತ್ ಒಂದು ಪಂದ್ಯಕ್ಕೂ ಹೋಗಿಲ್ಲ. ಕೂಗಾಟ ಕಿಟಕಿಯಿಂದ ಕೇಳಿಸಿದರೆ ಒಣಗಿಸುವ ಯಂತ್ರ ಖಾಲಿ ಇದ್ದರೂ ತಿರುಗಿಸಿ ಬಿಡುತ್ತಾರೆ.

"ಅವನಿಗೆ ಹೇಳಿದ್ದೀರಾ?" ಎಂದು ಕೇಳುತ್ತೇನೆ.

"ಪ್ರತಿ ಕ್ರಿಸ್‌ಮಸ್‌ಗೆ ಬನ್ನು ಬೇಯಿಸ್ಕೊಂಡು ಹೋಗ್ತೀನಿ. ಹೇಳ್ಬೇಕು ಅಂತಾನೇ ಹೋಗ್ತೀನಿ. ಅವನು ಥ್ಯಾಂಕ್ಸ್ ಅಂತಾನೆ, ನಾನು ವಾಪಸ್ ಬರ್ತೀನಿ." ಸ್ವಲ್ಪ ಹೊತ್ತು ಕೊಂಡಿಗಳನ್ನು ಬಿಡಿಸುತ್ತಾರೆ. "ನೀವು ಬರೀರಿ. ನಿಮ್ಮ ಪೇಪರಿನ ಶನಿವಾರದ ಪುರವಣಿ ಅವನು ಓದ್ತಾನೆ. ನಂಗೆ ಬಾಯಲ್ಲಿ ಆಗಲಿಲ್ಲ."

ಬರೆದಿದ್ದೇನೆ, ಲೈಲ್.

ಐದೂ ಮುಕ್ಕಾಲಿಗೆ ಆರ್ಡಿತ್ ಮೂವತ್ತೊಂದು ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡುತ್ತಾರೆ. ನಲವತ್ತೊಂದರ ಅಂಗಿಯನ್ನು ಒಗೆದು, ಒಣಗಿಸಿ, ಮೇಜಿನ ಮೇಲೆ ಹರಡಿ, ಖಾನೆಯಿಂದ ಥೀಸನ್‌ರ ಹಳೆಯ ನೀಲಿ ಪುಡಿಯ ಡಬ್ಬಿ ತೆಗೆದು ಬಲಭುಜದ ಮೇಲೆ ಅಂಗೈಯಗಲ ಬಳಿಯುತ್ತಾರೆ. ಹೀಗೆ ಒಗೆದ ಬಟ್ಟೆಗೆ ತಾವೇ ಕೊಳೆ ಮಾಡಿ, ನೀಟಾಗಿ ಮಡಿಸುತ್ತಾರೆ.

ಆರು ಗಂಟೆಗೆ ಬಟ್ಟೆ ಹಂಚುವ ಕಿಟಕಿಯ ಮುಂದೆ ಹುಡುಗರ ಸಾಲು. ನಂಬರ್ ನಲವತ್ತೊಂದು, ಟೆಕ್ಸಾಸ್‌ನಿಂದ ಬಂದ ಟ್ರೇವಾನ್ ಗಿಲ್ಯಾರ್ಡ್, ತನ್ನ ಬಟ್ಟೆ ತೆಗೆದುಕೊಂಡು ಹೋದವನು ಅರ್ಧ ದಾರಿಯಿಂದ ತಿರುಗಿ ಬರುತ್ತಾನೆ. ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬಾರದಷ್ಟು ಅಗಲದ ಹುಡುಗ.

"ಅಜ್ಜಿ, ಇದೇನಿದು? ನಂದು ತೊಳೆದೇ ಇಲ್ವಲ್ಲ!"

"ತೊಳೆದಿದೀನಿ. ಆ ನೀಲಿ ನಾನೇ ಹಾಕಿದ್ದು."

"ಯಾಕೆ? ನಾನೇನ್ ಮಾಡ್ದೆ ನಿಮ್ಗೆ?"

"ನಂಗೇನೂ ಮಾಡಿಲ್ಲ ಕಣೋ, ನಿನ್ನ ಕತ್ತಿಗೆ ಮಾಡ್ಕೋತಿದೀಯ. ಬಾ ಒಳಗೆ. ಬಗ್ಗು." ಹುಡುಗ ಅಷ್ಟೆತ್ತರದಿಂದ ಬಗ್ಗುತ್ತಾನೆ. ಆರ್ಡಿತ್ ಅವನ ಕತ್ತಿನ ಹಿಂದೆ ಬೆರಳಿಟ್ಟು, "ಮೂರು ವಾರದಿಂದ ಗಾಲಿ ಇಲ್ಲಿಗೆ ಉಜ್ತಿದೆ. ತಲೆ ತಗ್ಗಿಸಿ ನುಗ್ತೀಯ. ನೋಯ್ತಿಲ್ವಾ?" ಎನ್ನುತ್ತಾರೆ.

ಹುಡುಗ ಬಾಗಿಲ ಕಡೆ ಒಮ್ಮೆ ನೋಡುತ್ತಾನೆ. "ರಾತ್ರಿ ಸ್ವಲ್ಪ ಜುಮ್ಮನ್ನತ್ತೆ," ಎನ್ನುತ್ತಾನೆ ಮೆಲ್ಲಗೆ. "ಕೋಚ್‌ಗೆ ಹೇಳಿಲ್ಲ. ಹೇಳಿದ್ರೆ ಆಡಿಸ್ದೆ ಕೂರಿಸ್ಬಿಡ್ತಾರೆ."

"ಇವತ್ತೇ ಡಾಕ್ಟ್ರ ಹತ್ರ ಹೋಗು. ಅವರು ಕೂರು ಅಂದ್ರೆ ಕೂರು. ಆಡು ಅಂದ್ರೆ ಈ ನೀಲಿ ಗಾಲಿಗೆ ತಾಗೋ ಹಾಗೆ ಆಡು. ಹೋಗ್ಲಿಲ್ಲ ಅಂದ್ರೆ ನಾಳೆ ನಿನ್ನ ಚಡ್ಡಿಗೂ ಬಳೀತೀನಿ."

ಹುಡುಗ ನಕ್ಕ. ಡಾಕ್ಟರ ಹತ್ತಿರ ಹೋದ ಕೂಡ. ಅವರು ಪರೀಕ್ಷೆ ಮಾಡಿ, ಶನಿವಾರ ಒಂದು ದಿನ ಕೂರಿಸಿದರು. ನಾವು ಐದನೇ ಬಾರಿ ಸೋತೆವು, ಆರ್ಡಿತ್ ಹೇಳಿದ್ದ ಹಾಗೆಯೇ. ಬೆಂಚಿನಲ್ಲಿ ಕೂತ ನನಗೆ ಈ ಸಲ ಕೂಗಲು ಮನಸ್ಸಾಗಲಿಲ್ಲ. ಸೋಮವಾರ ಇನ್ನೊಮ್ಮೆ ನೋಡಿ, ಕತ್ತು ಚೆನ್ನಾಗಿದೆ, ಆಡಬಹುದು ಎಂದು ಡಾಕ್ಟರು ಅವನನ್ನು ಬಿಟ್ಟರು.

ಈ ಬುಧವಾರ ಮತ್ತೆ ಹೋಗಿದ್ದೇನೆ. ಆರ್ಡಿತ್ ನಲವತ್ತೊಂದರ ಅಂಗಿಯನ್ನು ಎಲ್ಲಕ್ಕಿಂತ ಮೊದಲು ಹುಡುಕಿ ತೆಗೆದು ದೀಪಕ್ಕೆ ಹಿಡಿಯುತ್ತಾರೆ. ಕಾಲರ್ ಹಿಂದೆ ಏನೂ ಇಲ್ಲ. ನಿನ್ನೆ ಅವರು ಮತ್ತೆ ಬಳಿದು ಕಳಿಸಿದ್ದ ಬಲಭುಜದ ನೀಲಿಯ ಮೇಲೆ ರಬ್ಬರಿನ ಕಪ್ಪು ಕಲಸಿಕೊಂಡು, ಯಾವ ಸೋಪಿಗೂ ಬಗ್ಗದಂತೆ ಕೂತಿದೆ.

"ನೋಡಿ ನೋಡಿ, ಎಷ್ಟು ಚೆನ್ನಾಗಿ ಕೊಳೆ ಮಾಡ್ಕೊಂಡಿದಾನೆ!" ಅಂಗಿಯನ್ನು ಯಂತ್ರಕ್ಕೆ ಹಾಕದೆ ಪಕ್ಕಕ್ಕಿಡುತ್ತಾರೆ. "ಇದನ್ನ ಕಡೇಲಿ ತೊಳೀತೀನಿ."

ಬೇರೆ ಅಂಗಿಗಳನ್ನೂ ಒಂದೊಂದಾಗಿ ನೋಡುವಷ್ಟರಲ್ಲಿ ಗೋಡೆಯ ಗಡಿಯಾರ ಆರಕ್ಕೆ ಬರುತ್ತದೆ. ಆರ್ಡಿತ್ ಬಾಗಿಲ ಕಡೆ ನೋಡುತ್ತಾರೆ. ಥೀಸನ್ ಹೋಗಿ ಒಂಬತ್ತು ವರ್ಷವಾದರೂ ಬಿಡದ ಅಭ್ಯಾಸ, ಅವರಿಗೇ ಗೊತ್ತಿಲ್ಲದೆ ನೋಡುತ್ತಾರೆ. ಯಾರೂ ಇಳಿದು ಬರುವುದಿಲ್ಲ. ನಿಮಗೇನು ಬೇಕು ಎಂದು ಕೇಳಿದ್ದಕ್ಕೆ ಹೋದ ವಾರ ಅವರು ಹೇಳಿದ್ದು ನೆನಪಾಗುತ್ತದೆ: "ನಂಗೇನು ಬೇಕು? ಬುಧವಾರ ಒಬ್ರು ಬಂದು ಕೇಳಿದ್ರೆ ಸಾಕಿತ್ತು."

ಸ್ಟೂಲಿನ ಮೇಲೆ ಕೂತಿದ್ದವನು ನಾನು. ನನಗೆ ಆಟ ಬರುವುದಿಲ್ಲ, ಕೂಗಲು ಮಾತ್ರ ಬರುತ್ತದೆ. ಆದರೂ ಗಂಟಲು ಸರಿಮಾಡಿಕೊಂಡು ಕೇಳುತ್ತೇನೆ: "ಏನಮ್ಮ ಆರ್ಡಿತ್, ಯಾರ ಭುಜ ಚೊಕ್ಕ ಇದೆ?"

ಅವರು ಕೈ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನಿಧಾನವಾಗಿ ಓದುತ್ತಾರೆ. ಮೂರು, ಒಂಬತ್ತು, ಹದಿನೇಳು, ಇಪ್ಪತ್ತೆರಡು. ಪಟ್ಟಿ ಉದ್ದವಾಗಿದೆ; ಮೂವತ್ತೊಂಬತ್ತು ನಂಬರುಗಳಿವೆ. ಪೂರ್ತಿ ಬರೆದುಕೊಂಡು ಮೇಲಿನ ಕೋಚ್‌ರ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ. ನಲವತ್ತೊಂದು ಅದರಲ್ಲಿ ಇಲ್ಲ.