ಹನ್ನೊಂದನೆಯವಳು

ಶಾಲೆಯ ಆಫೀಸಿನಲ್ಲಿ ಮೂವತ್ತಮೂರು ವರ್ಷ ಗುಮಾಸ್ತೆಯಾಗಿದ್ದ ಆಕೆಯನ್ನು ಮಕ್ಕಳು ಕರೆಯುತ್ತಿದ್ದದ್ದೇ ‘ಫೈಲಮ್ಮ’ ಎಂದು. ಯಾವ ವರ್ಷದ ಯಾವ ಕಾಗದ ಕೇಳಿದರೂ ಬೀರುವಿಗೆ ಕೈ ಹಾಕಿ ಎರಡೇ ನಿಮಿಷದಲ್ಲಿ ತೆಗೆದುಕೊಡುತ್ತಿದ್ದಳು. ಹಾಗಾಗಿ, ಹೊಸ ಪ್ರಿನ್ಸಿಪಾಲರು ಪೋಷಕರಿಗಾಗಿ ಪುಸ್ತಿಕೆ ಮಾಡಿಸಲು ಹೊರಟಾಗ, ಶಾಲೆಯ ಚರಿತ್ರೆ ಬರೆಯುವ ಕೆಲಸ ಅವಳ ತಲೆಗೇ ಬಂತು.

ಚರಿತ್ರೆ ದೊಡ್ಡದೇನಲ್ಲ. ‘ದೊಡ್ಡ ಟೀಚರು’ ಎಂದು ಎಲ್ಲರೂ ಕರೆಯುತ್ತಿದ್ದ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಯಾರ ಹಂಗೂ ಬೇಡವೆಂದು ಹೊಲಿಗೆ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಶುರು ಮಾಡಿದ್ದು. ಬೇರೆ ಶಾಲೆಗಳು ‘ಇವರಿಗೆ ಕಾಲೇಜು ದಕ್ಕದು’ ಎಂದು ಕೈಬಿಟ್ಟ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಪ್ರವೇಶ ಪರೀಕ್ಷೆಗೆ ತಯಾರು ಮಾಡಿದರು. ಕಾಲೇಜಿನ ಬಾಗಿಲವರೆಗೆ ಕೈಹಿಡಿದು ನಡೆಸುವುದೇ ನಮ್ಮ ಕೆಲಸ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಂದ ಪುಸ್ತಿಕೆಗಳಲ್ಲೆಲ್ಲ ಒಂದೇ ವಾಕ್ಯ: ‘ಮೊದಲ ತಂಡದ ಹನ್ನೊಂದು ಮಂದಿಯೂ ಕಾಲೇಜು ಸೇರಿದರು.’

ಆ ವಾಕ್ಯಕ್ಕೆ ಬಂದಾಗಲೆಲ್ಲ ಫೈಲಮ್ಮನ ಪೆನ್ನು ನಿಂತುಬಿಡುತ್ತಿತ್ತು. ಸೇರಿದ್ದು ಹತ್ತೇ ಮಂದಿ. ಹನ್ನೊಂದನೆಯವಳು ಅವಳೇ. ಗಣಿತದಲ್ಲಿ ಎರಡು ಸಲ ನಪಾಸಾಗಿ, ಮನೆಯಲ್ಲಿ ಮುಖ ತೋರಿಸಲಾರದೆ ಮೆಟ್ಟಿಲ ಮೇಲೆ ಕೂತಿದ್ದವಳನ್ನು ದೊಡ್ಡ ಟೀಚರೇ ಒಳಗೆ ಕರೆದು, ಹಾಜರಿ ಪುಸ್ತಕ ಕೈಗಿತ್ತು ಕೆಲಸಕ್ಕೆ ಇಟ್ಟುಕೊಂಡಿದ್ದರು.

ಇದು ಮಗಳಿಗೂ ಗೊತ್ತಿರಲಿಲ್ಲ. ಅದೇ ಶಾಲೆಯ ಕೊನೆಯ ವರ್ಷದಲ್ಲಿದ್ದ ಅವಳಿಗೆ ಇನ್ನು ಹನ್ನೆರಡು ದಿನಕ್ಕೆ ಪ್ರವೇಶ ಪರೀಕ್ಷೆ. ಅಂಕ ಕಡಿಮೆ ಬಂದಾಗಲೆಲ್ಲ ತಾಯಿ, ನಾನು ಮೊದಲ ತಂಡದವಳು ಕಣೇ, ಎಂದು ಗದರುತ್ತಿದ್ದಳು. ಈಗ ನಿಜ ಹೇಳಿದರೆ ಮಗಳ ಧೈರ್ಯವೇ ಕುಸಿದೀತು. ಹೇಳದಿದ್ದರೆ ಸುಳ್ಳು ತನ್ನ ಕೈಬರಹದಲ್ಲೇ ಅಚ್ಚಿಗೆ ಹೋದೀತು. ಎರಡು ದಿನ ಆ ಹಾಳೆಯನ್ನು ಬರೆದು ಬರೆದು ಹರಿದಳು.

ಅಷ್ಟರಲ್ಲಿ ಒಬ್ಬ ತಂದೆ ಮಗಳನ್ನು ಸೇರಿಸಲು ಬಂದ. ಹಳೆಯ ಪುಸ್ತಿಕೆಯ ಆ ವಾಕ್ಯದ ಮೇಲೆ ಬೆರಳಿಟ್ಟು, ಇಲ್ಲಿ ಯಾರೂ ಸೋತಿಲ್ಲ ತಾನೇ ಎಂದು ಕೇಳಿದ. ಪಕ್ಕದಲ್ಲಿದ್ದ ಹುಡುಗಿ ರಕ್ತ ಬರುವಂತೆ ಉಗುರು ಕಚ್ಚಿಕೊಂಡಿದ್ದಳು. ಫೈಲಮ್ಮ ಅರ್ಜಿಯನ್ನು ಅವನ ಮುಂದೆ ಸರಿಸಿದಳು. ಮರುದಿನ ಬೆಳಿಗ್ಗೆ ‘ಹತ್ತು ಮಂದಿ’ ಎಂದು ಬರೆದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಳು.

"ಉಳಿದ ಒಬ್ಬರು ಯಾರು?" ಎಂದರು ಅವರು.

"ನಾನೇ, ಮೇಡಂ."

ಮಗಳಿಗೆ ಗೊತ್ತೇ ಎಂದು ಪ್ರಿನ್ಸಿಪಾಲರು ಕೇಳಿದರು. ಇಲ್ಲವೆಂದಾಗ, "ಮೊದಲು ಅವಳಿಗೆ ಹೇಳಿ. ಪುಸ್ತಿಕೆ ಆಮೇಲೆ ನೋಡೋಣ" ಎಂದರು.

ಅಂದು ಸಂಜೆ ಬಟ್ಟೆ ಮಡಿಸುತ್ತಾ, ತಲೆ ಎತ್ತದೆಯೇ ಹೇಳಿ ಮುಗಿಸಿದಳು. ಮಗಳು ಪುಸ್ತಕ ಮುಚ್ಚಿದಳು.

"ಎರಡು ವರ್ಷದಿಂದ ಗಣಿತದ ಪುಸ್ತಕ ತೆರೆಯೋಕೇ ಭಯ ನನಗೆ. ಅದು ನಿನ್ನಿಂದ, ಅಮ್ಮ," ಎಂದು ಎದ್ದುಹೋಗಿ ಬಾಗಿಲು ಹಾಕಿಕೊಂಡಳು.

ಮೂರು ದಿನ ಮಾತಿಲ್ಲ ಕತೆಯಿಲ್ಲ. ತಾಯಿ ಕೆಂಡದ ಮೇಲೆ ನಿಂತಂತೆ ದಿನ ತಳ್ಳಿದಳು. ಕೈಯಾರೆ ಮಗಳ ಪರೀಕ್ಷೆ ಕೆಡಿಸಿದೆನೇ? ನಾಲ್ಕನೆಯ ದಿನ ಮಗಳು ಲೆಕ್ಕದ ಹಾಳೆ ಹಿಡಿದು ಆಫೀಸಿಗೇ ಬಂದಳು.

"ನೀನು ಎಲ್ಲಿ ಎಡವಿದ್ದೆ?"

"ಗಾಬರಿಗೆ ಪ್ರಶ್ನೆ ಪೂರ್ತಿ ಓದ್ತಾನೇ ಇರಲಿಲ್ಲ."

"ನಾನೂ ಅಷ್ಟೇ," ಎಂದು ಮಗಳು ಕುರ್ಚಿ ಎಳೆದುಕೊಂಡಳು.

ಪುಸ್ತಿಕೆ ‘ಹತ್ತು ಮಂದಿ’ ಎಂದೇ ಅಚ್ಚಾಯಿತು. ಪರೀಕ್ಷೆಯ ನಂತರ ಬಂದ ಕಾಲೇಜಿನ ಮೊದಲ ಆಯ್ಕೆ ಪಟ್ಟಿಯಲ್ಲಿ ಮಗಳ ಸಂಖ್ಯೆ ಇರಲಿಲ್ಲ. ಎರಡನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ ದಿನ ಫೈಲಮ್ಮ ಮೂರು ಸಲ ಓದಿಯೂ ತನ್ನ ಕಣ್ಣನ್ನೇ ನಂಬದೆ, ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಂಗಸಿಗೆ ಸಂಖ್ಯೆ ಹೇಳಿ, ಇದೆಯಾ ನೋಡಿ ಎಂದಳು. ಆಕೆ ಕೆಳಗಿನಿಂದ ಐದನೆಯ ಸಾಲಿಗೆ ಬೆರಳಿಟ್ಟಳು.